ಹದದ ದಿನ ಹುಡುಕುವ ಕೈ

ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸುವ ಈ ಲೆಕ್ಕ ಶಿವಮೊಗ್ಗದ ಆಲ್ಕೊಳದ ಸುತ್ತಮುತ್ತ ಹೈನು ಸಾಕುವವರಿಗೆಲ್ಲ ಬಾಯಿಪಾಠ. ಪಕ್ಕದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಗರ್ಭಕೋಶವನ್ನು ಕೈಯಿಂದ ಮುಟ್ಟಿ ತಿಳಿಯುವ ವಿದ್ಯೆಯನ್ನು ನಮ್ಮ ಕಡೆಯ ವೈದ್ಯರು ಸಾಮಾನ್ಯವಾಗಿ ಹಸು, ಎಮ್ಮೆಗಳ ಮೇಲೆಯೇ ಕಲಿಯುತ್ತಾರೆ. ಅದೇ ಕೈ ಹೆಣ್ಣು ಕುದುರೆಯ ಮುಂದೆ ನಿಂತಾಗ ಪಾಠವನ್ನು ಬಹುಪಾಲು ಹೊಸದಾಗಿ ಶುರು ಮಾಡಬೇಕು.

ಕರ್ನಾಟಕದಲ್ಲಿ ಕುದುರೆ ಸಾಕಣೆಯ ಕಸುಬಿಗೆ ಹಳೆಯ ನೆಲೆ ತುಮಕೂರು ಜಿಲ್ಲೆಯ ಕುಣಿಗಲ್. ಟಿಪ್ಪು ಸುಲ್ತಾನನ ಕಾಲದಲ್ಲಿ ಸೇನೆಯ ಕುದುರೆಗಳಿಗಾಗಿ ಅಲ್ಲಿ ತಳಿ ಸಾಕಣೆ ನಡೆಯುತ್ತಿತ್ತು. ಮುಂದೆ ಅದು ರೇಸ್ ಕುದುರೆಗಳ ಸ್ಟಡ್ ಫಾರ್ಮ್ ಆಗಿ ಹೆಸರಾಯಿತು. ರೇಸಿಗೆ ಓಡುವ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಯನ್ನು ನೋಂದಾಯಿಸಿಕೊಳ್ಳುವುದಿಲ್ಲ. ಗಂಡು ಕುದುರೆಯನ್ನೇ ಕಟ್ಟಿಸಬೇಕು. ಒಳ್ಳೆಯ ಗಂಡು ಕುದುರೆಗೆ ಒಂದು ಋತುವಿನಲ್ಲಿ ಹಲವಾರು ಹೆಣ್ಣು ಕುದುರೆಗಳು ಸರದಿಯಲ್ಲಿರುತ್ತವೆ. ಹಾಗಾಗಿ ಪ್ರತಿಯೊಂದಕ್ಕೂ ಸರಿಯಾದ ಒಂದೇ ದಿನವನ್ನು ಆರಿಸಿ ಕೊಡುವುದು ಸ್ಟಡ್ ಫಾರ್ಮ್ ವೈದ್ಯರ ಹೊಣೆ.

ಆ ಒಂದು ದಿನ ಸುಲಭಕ್ಕೆ ಸಿಗುವುದಿಲ್ಲ. ಹಸುವಿನ ಬೆದೆ ಒಂದು ದಿನದೊಳಗೇ ಮುಗಿಯುತ್ತದೆ, ಅಂಡ ಬಿಡುಗಡೆಯಾಗುವುದು ಬೆದೆ ಇಳಿದ ಮೇಲೆ. ಕುದುರೆಯ ಚಕ್ರವೂ ಹೆಚ್ಚುಕಡಿಮೆ 21 ದಿನಗಳದ್ದೇ, ಆದರೆ ಬೆದೆ 5ರಿಂದ 7 ದಿನ ಎಳೆಯುತ್ತದೆ. ಅಂಡ ಹೊರಬೀಳುವುದು ಬೆದೆ ಮುಗಿಯಲು ಇನ್ನೂ ಒಂದೆರಡು ದಿನ ಇರುವಾಗ. ಕೊನೆಯ ದಿನ ಯಾವುದೆಂದು ಮುಂಚೆ ಗೊತ್ತಿರುವುದಿಲ್ಲವಾದ್ದರಿಂದ ಹಿಂದಕ್ಕೆ ಎಣಿಸಿ ದಿನ ಹಿಡಿಯಲೂ ಬರುವುದಿಲ್ಲ.

ಬೆಳಕೂ ಇದರಲ್ಲಿ ಕೈಹಾಕುತ್ತದೆ. ಹಗಲು ಉದ್ದವಾದಂತೆ ಚುರುಕಾಗುವುದು ಕುದುರೆಯ ಅಂಡಾಶಯದ ಸ್ವಭಾವ. ಚಳಿ ದೇಶಗಳಲ್ಲಿ ಚಳಿಗಾಲ ಪೂರ್ತಿ ಅದು ಮಲಗಿಬಿಡುತ್ತದೆ. ನಮ್ಮಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ, ಆದ್ದರಿಂದ ಆ ನಿದ್ದೆ ಅಷ್ಟು ಗಾಢವಲ್ಲ. ಆದರೂ ಇಲ್ಲಿನ ರೇಸ್ ಕುದುರೆಗಳಿಗೆಲ್ಲ ಜನವರಿ 1ರಂದೇ ವಯಸ್ಸು ಒಂದು ವರ್ಷ ಏರುವುದರಿಂದ, ವರ್ಷದ ಆರಂಭದಲ್ಲೇ ಹುಟ್ಟುವ ಮರಿಗೆ ಬೆಲೆ. ಅದಕ್ಕಾಗಿ ಲಾಯದಲ್ಲಿ ಸಂಜೆಯ ಮೇಲೂ ದೀಪ ಉರಿಸಿ, ದಿನಕ್ಕೆ 16 ಗಂಟೆ ಬೆಳಕು ಕೊಟ್ಟು ಚಕ್ರವನ್ನು ಬೇಗ ಎಬ್ಬಿಸುವುದುಂಟು.

ಕೆಲಸ ಶುರುವಾಗುವುದು ಟೀಸರ್‌ನಿಂದ. ಬೆದೆ ಪರೀಕ್ಷೆಗೆಂದೇ ಇಟ್ಟಿರುವ ಗಂಡು ಕುದುರೆಗೆ ಈ ಹೆಸರು. ಮೆತ್ತೆ ಹೊದಿಸಿದ ಗಟ್ಟಿ ಅಡ್ಡಗೋಡೆಯ ಆಚೆ ಅದು, ಈಚೆ ಹೆಣ್ಣು. ಬೆದೆಯಿಲ್ಲದ್ದು ಕಿವಿ ಹಿಂದಕ್ಕೆ ಮಡಚಿ, ಕಿರುಚಿ ಒದೆಯುತ್ತದೆ. ಬೆದೆಯಲ್ಲಿರುವುದು ಬಾಲ ಎತ್ತಿ, ಹಿಂಗಾಲು ಅಗಲಿಸಿ, ಸ್ವಲ್ಪಸ್ವಲ್ಪವೇ ಮೂತ್ರ ಬಿಡುತ್ತ ನಿಲ್ಲುತ್ತದೆ. ದಿನವೂ ಜೊತೆಗಿರುವ ಸಯಿಸನಿಗೆ, ಅಂದರೆ ಕುದುರೆ ನೋಡಿಕೊಳ್ಳುವವನಿಗೆ, ಪ್ರತಿ ಕುದುರೆಯ ಚರ್ಯೆಯೂ ಗೊತ್ತು. ನಾಚುವ ಸ್ವಭಾವದ್ದು ಯಾವುದು, ಮರಿ ಜೊತೆಗಿದ್ದರೆ ಬೆದೆ ತೋರಿಸದೆ ಬಚ್ಚಿಡುವುದು ಯಾವುದು ಎಂದು ಆತ ಹೇಳುವ ಮಾತಿಗೆ ವೈದ್ಯರು ಬೆಲೆ ಕೊಡುತ್ತಾರೆ.

ಆಮೇಲೆ ಕೈ. ಕುದುರೆಯನ್ನು ಕಟಾಂಜನದೊಳಗೆ ನಿಲ್ಲಿಸಿ, ಉದ್ದದ ಕೈಗವಸಿಗೆ ಜಾರುಲೇಪ ಬಳಿದು, ಗುದದ್ವಾರದ ಮೂಲಕ ಕೈ ಒಳಗಿಳಿಸುತ್ತಾರೆ. ಕುದುರೆಯ ಗುದನಾಳದ ಗೋಡೆ ಹಸುವಿನದಕ್ಕಿಂತ ಬಹಳ ನಾಜೂಕು, ಹರಿದರೆ ಪ್ರಾಣಕ್ಕೇ ಸಂಚಕಾರ. ಒಳಗಿನ ಸ್ನಾಯು ಬಿಗಿಯಾದಾಗ ಕೈ ಅಲ್ಲಾಡದೆ ನಿಲ್ಲಬೇಕು, ಸಡಿಲವಾದಾಗ ಮಾತ್ರ ಮುಂದೆ ಸಾಗಬೇಕು. ಈ ತಾಳ್ಮೆ ಬೆರಳುಗಳಿಗೆ ಬರಲು ವರ್ಷಗಳು ಬೇಕು.

ಬೆರಳು ಮೊದಲು ಹುಡುಕುವುದು ಅಂಡಾಶಯದ ಮೇಲಿನ ಫಾಲಿಕಲ್ಲನ್ನು, ಅಂದರೆ ಅಂಡವನ್ನು ಒಳಗಿಟ್ಟುಕೊಂಡು ಬೆಳೆಯುವ ನೀರುಗುಳ್ಳೆಯನ್ನು. ಕುದುರೆಯಲ್ಲಿ ಇದು 35 ಮಿಲಿಮೀಟರ್ ದಾಟಿ, ಸಾಮಾನ್ಯವಾಗಿ 40ರ ಆಚೆಗೂ ಬೆಳೆಯುತ್ತದೆ. ಒಡೆಯುವ ಸಮಯ ಹತ್ತಿರವಾದಂತೆ ಬಿಗಿ ಕಳೆದುಕೊಂಡು ಮೆತ್ತಗಾಗುತ್ತದೆ. ಅದರ ಗೋಡೆಯಿಂದ ಒಸರುವ ಹಾರ್ಮೋನೇ ಈಸ್ಟ್ರೋಜನ್. ರಕ್ತದ ಮೂಲಕ ಗರ್ಭಕೋಶಕ್ಕೆ ತಲುಪಿ ಅದರ ಒಳಪದರಕ್ಕೆ ನೀರು ತುಂಬಿಸುತ್ತದೆ, ಗರ್ಭಕಂಠವನ್ನು ಸಡಿಲಿಸುತ್ತದೆ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳನ್ನು ಸಜ್ಜುಗೊಳಿಸುತ್ತದೆ. ಇಲ್ಲೇ ಹಸುವಿನ ಮೇಲೆ ಪಳಗಿದ ಕೈ ತಬ್ಬಿಬ್ಬಾಗುವುದು. ಬೆದೆಯಲ್ಲಿ ಹಸುವಿನ ಗರ್ಭಕೋಶ ಸೆಟೆದು ಗಟ್ಟಿಯಾಗಿರುತ್ತದೆ. ಕುದುರೆಯದು ಜೋಲುಜೋಲಾಗಿ, ಮೆದುವಾಗಿ ಕೈಗೆ ಸಿಗುತ್ತದೆ.

ಬೆರಳು ಕಂಡದ್ದನ್ನು ಸ್ಕ್ಯಾನಿಂಗ್ ಯಂತ್ರ ಪರದೆಯ ಮೇಲೆ ತೋರಿಸುತ್ತದೆ. ನೀರು ತುಂಬಿ ಉಬ್ಬಿದ ಒಳಪದರದ ಮಡಿಕೆಗಳು ಅಡ್ಡಕೊಯ್ದ ಕಿತ್ತಳೆಯ ತೊಳೆಗಳಂತೆ ಕಾಣುತ್ತವೆ. ವೈದ್ಯರು ಈ ಉಬ್ಬಿಗೆ ಸೊನ್ನೆಯಿಂದ ಮೇಲಕ್ಕೆ ಅಂಕ ಕೊಡುತ್ತ ದಿನವೂ ಬರೆದಿಡುತ್ತಾರೆ. ಉಬ್ಬು ಏರುತ್ತಾ ಹೋಗಿ, ಅಂಡ ಬಿಡುಗಡೆಗೆ ಒಂದೆರಡು ದಿನ ಮುಂಚೆ ತುದಿ ಮುಟ್ಟಿ, ಆಮೇಲೆ ಇಳಿಯತೊಡಗುತ್ತದೆ. ದೊಡ್ಡದಾಗಿ ಮೆದುವಾದ ಫಾಲಿಕಲ್, ಸಡಿಲವಾದ ಗರ್ಭಕಂಠ, ತುದಿ ಮುಟ್ಟಿದ ಉಬ್ಬು, ಮೂರೂ ಕೂಡಿದಾಗ ಹದ ಬಂತು. ಈ ಹಂತದಲ್ಲಿ ಅಂಡ ಬಿಡಿಸುವ ಚುಚ್ಚುಮದ್ದು ಕೊಟ್ಟರೆ ಸುಮಾರು ಎರಡು ದಿನದೊಳಗೆ ಅಂಡ ಬಿಡುಗಡೆಯಾಗುತ್ತದೆ. ಗಂಡು ಕುದುರೆಗೆ ಕಟ್ಟಿಸುವ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ.

ಗಂಡು ಕುದುರೆಯ ವೀರ್ಯ ನೇರವಾಗಿ ಗರ್ಭಕೋಶದೊಳಗೇ ಬೀಳುತ್ತದೆ, ಜೊತೆಗೆ ಕೊಳೆ ಮತ್ತು ರೋಗಾಣುಗಳೂ. ಪ್ರತಿ ಸಲವೂ ಒಳಗೆ ಉರಿಯೂತ ಏಳುವುದು ಸಹಜ. ಈಸ್ಟ್ರೋಜನ್ ಅಲ್ಲಿ ಇನ್ನೂ ಆಳುತ್ತಿರುವಾಗ ಗರ್ಭಕೋಶ ಹಿಂಡಿ ಹಿಂಡಿ ಆ ಕೊಳೆಯನ್ನು ಸಡಿಲವಾದ ಬಾಯಿಯ ಮೂಲಕ ಹೊರಹಾಕುತ್ತದೆ. ಆರೋಗ್ಯವಾಗಿರುವ ಕುದುರೆ ಒಂದೆರಡು ದಿನದಲ್ಲಿ ಶುಚಿಯಾಗುತ್ತದೆ. ವಯಸ್ಸಾಗಿ ಗರ್ಭಕೋಶ ಕೆಳಕ್ಕೆ ಜೋತಿರುವ ಕುದುರೆಗೆ ಅದು ಆಗದು. ಅಂಥದಕ್ಕೆ ಕಟ್ಟಿಸಿ ನಾಲ್ಕಾರು ಗಂಟೆಗಳ ನಂತರ ಒಳಗೆ ತೊಳೆದು, ಹಿಂಡುವಿಕೆ ಹೆಚ್ಚಿಸುವ ಆಕ್ಸಿಟೋಸಿನ್ ಕೊಡುತ್ತಾರೆ. ವೀರ್ಯಾಣುಗಳು ಅಷ್ಟರಲ್ಲಿ ಅಂಡನಾಳ ಸೇರಿರುವುದರಿಂದ ತೊಳೆದರೂ ನಷ್ಟವಿಲ್ಲ.

ಅಂಡ ಹೊರಟ ಜಾಗದಲ್ಲಿ ಕಾರ್ಪಸ್ ಲೂಟಿಯಂ ಎಂಬ ಗ್ರಂಥಿ ಬೆಳೆದು ಪ್ರೊಜೆಸ್ಟರಾನ್ ಹಾರ್ಮೋನನ್ನು ಒಸರುತ್ತದೆ. ಇಲ್ಲಿಂದ ಎಲ್ಲವೂ ತಿರುವುಮುರುವು. ಉಬ್ಬು ಇಳಿಯುತ್ತದೆ, ಗರ್ಭಕಂಠ ಬಿಗಿದು ಮುಚ್ಚುತ್ತದೆ, ಜೋಲುತ್ತಿದ್ದ ಗರ್ಭಕೋಶ ಗಟ್ಟಿಯಾಗುತ್ತದೆ. ಒಳಪದರದ ಗ್ರಂಥಿಗಳು ಭ್ರೂಣಕ್ಕೆ ಆಹಾರವಾಗುವ ರಸವನ್ನು ಸುರಿಸತೊಡಗುತ್ತವೆ. ಈ ಎರಡನೆಯ ಹಂತ ಮೊದಲನೆಯದರ ಮೇಲೆ ನಿಂತಿದೆ. ಪ್ರೊಜೆಸ್ಟರಾನ್ ಹೇಳಿದ್ದನ್ನು ಕೇಳಿಸಿಕೊಳ್ಳುವ ಗ್ರಾಹಕಗಳನ್ನು ಒಳಪದರದಲ್ಲಿ ತಯಾರು ಮಾಡುವುದು ಮುಂಚೆ ಬಂದ ಈಸ್ಟ್ರೋಜನ್ನೇ. ಬಾಡಿಗೆ ತಾಯಿಯಲ್ಲಿ ಭ್ರೂಣ ಇಡುವವರು ಈ ಅನುಕ್ರಮವನ್ನೇ ನಂಬಿದ್ದಾರೆ. ಚಕ್ರವೇ ನಡೆಯದ ಕುದುರೆಗೂ ಮೊದಲು ಕೆಲವು ದಿನ ಈಸ್ಟ್ರೋಜನ್, ಪದರ ಉಬ್ಬಿದ ಮೇಲೆ ಪ್ರೊಜೆಸ್ಟರಾನ್ ಕೊಟ್ಟರೆ ಅದರ ಗರ್ಭಕೋಶ ಬೇರೆ ಕುದುರೆಯ ಭ್ರೂಣವನ್ನು ಒಪ್ಪಿಕೊಳ್ಳುತ್ತದೆ. ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಬಿಕಾನೇರ್ ಶಾಖೆಯಲ್ಲಿ ಭ್ರೂಣ ವರ್ಗಾವಣೆಯಿಂದ ಮಾರ್ವಾರಿ ತಳಿಯ 'ರಾಜ್ ಪ್ರಥಮ್' ಮರಿ ಹುಟ್ಟಿದ್ದು 2023ರ ಮೇ ತಿಂಗಳಲ್ಲಿ.

ಫಲಿತ ಅಂಡ ಆರನೇ ದಿನದ ಹೊತ್ತಿಗೆ ಗರ್ಭಕೋಶಕ್ಕೆ ಇಳಿಯುತ್ತದೆ. ಫಲಿಸದ ಅಂಡವನ್ನು ಅಂಡನಾಳ ಅಲ್ಲೇ ಉಳಿಸಿಕೊಳ್ಳುತ್ತದೆ. ಇಳಿದ ಭ್ರೂಣ ಒಂದೆಡೆ ನಿಲ್ಲದೆ 16ನೇ ದಿನದವರೆಗೂ ಗರ್ಭಕೋಶದ ಎರಡೂ ಕೊಂಬುಗಳಲ್ಲಿ ಓಡಾಡುತ್ತಿರುತ್ತದೆ. ತಾನಿದ್ದೇನೆ ಎಂದು ತಾಯಿಯ ಒಳಪದರಕ್ಕೆಲ್ಲ ತಿಳಿಸುವ ಓಡಾಟ ಅದು. ಈ ಸುದ್ದಿ ತಲುಪದಿದ್ದರೆ ಸುಮಾರು 14ನೇ ದಿನ ಗರ್ಭಕೋಶವೇ ಪ್ರೊಸ್ಟಾಗ್ಲಾಂಡಿನ್ ಎಂಬ ರಸವನ್ನು ಬಿಟ್ಟು ಕಾರ್ಪಸ್ ಲೂಟಿಯಮ್ಮನ್ನು ಕರಗಿಸುತ್ತದೆ, ಪ್ರೊಜೆಸ್ಟರಾನ್ ಬೀಳುತ್ತದೆ, ಮತ್ತೆ ಬೆದೆ. ಓಡಾಟವನ್ನು ಗರ್ಭಕೋಶದ ಒಂದು ಭಾಗಕ್ಕೆ ಕಟ್ಟಿಹಾಕಿದ ಪ್ರಯೋಗಗಳಲ್ಲಿ ಗರ್ಭ ಉಳಿಯಲಿಲ್ಲ. ಭ್ರೂಣ ಕೊಡುವ ಆ ಸಂಕೇತ ನಿಖರವಾಗಿ ಯಾವುದೆಂದು ವಿಜ್ಞಾನ ಇನ್ನೂ ಗುರುತಿಸಿಲ್ಲ. ಈ ಕಸುಬಿನಲ್ಲಿ ನನ್ನನ್ನು ಬಹಳವಾಗಿ ಬೆರಗುಗೊಳಿಸುವ ಸಂಗತಿ ಇದೇ.

ಸುಮಾರು 35ನೇ ದಿನದ ನಂತರ ಭ್ರೂಣದ ಜೀವಕೋಶಗಳೇ ತಾಯಿಯ ಒಳಪದರಕ್ಕೆ ಇಳಿದು, ಬಟ್ಟಲಿನಾಕಾರದ ಗಂಟುಗಳಾಗಿ ತಮ್ಮದೇ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. 1930ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳಾದ ಕೋಲ್ ಮತ್ತು ಹಾರ್ಟ್ ಗಬ್ಬದ ಕುದುರೆಯ ರಕ್ತದಲ್ಲಿ ಕಂಡದ್ದು ಇದನ್ನೇ. ಅದರ ಪ್ರಭಾವದಿಂದ ಅಂಡಾಶಯದಲ್ಲಿ ಹೆಚ್ಚುವರಿ ಕಾರ್ಪಸ್ ಲೂಟಿಯಂಗಳು ಮೂಡಿ ಪ್ರೊಜೆಸ್ಟರಾನ್ ತಗ್ಗದಂತೆ ಕಾಯುತ್ತವೆ. ಮೂರು ನಾಲ್ಕು ತಿಂಗಳ ಹೊತ್ತಿಗೆ ಆ ಹೊಣೆ ಮಾಸುಚೀಲಕ್ಕೆ ದಾಟುತ್ತದೆ. ಮರಿ ಹುಟ್ಟುವುದು ಹನ್ನೊಂದು ತಿಂಗಳಿಗೆ.

ಕುದುರೆ ಸಾಕುವವರಲ್ಲಿ ಒಂದು ಮಾತು: ಕಟ್ಟಿಸಿದ ಮೇಲೆ 14ರಿಂದ 16ನೇ ದಿನದೊಳಗೆ ಒಮ್ಮೆ ಸ್ಕ್ಯಾನ್ ಮಾಡಿಸಿ. ಅವಳಿ ಗರ್ಭವನ್ನು ಪೂರ್ತಿ ಹೊರುವುದು ಕುದುರೆಗೆ ಕಷ್ಟ, ಬಹುಪಾಲು ಎರಡೂ ನಷ್ಟವಾಗುತ್ತವೆ. ಭ್ರೂಣಗಳು ಇನ್ನೂ ಓಡಾಡುತ್ತಿರುವ ಆ ದಿನಗಳಲ್ಲಿ ಅವು ಬೇರೆಬೇರೆಯಾಗಿ ಸಿಕ್ಕರೆ, ಪಳಗಿದ ವೈದ್ಯರು ಒಂದನ್ನು ಬೆರಳಿನಿಂದ ಒತ್ತಿ ತೆಗೆದು ಇನ್ನೊಂದನ್ನು ಉಳಿಸಬಲ್ಲರು. ಎರಡೂ ಒಂದೇ ಕಡೆ ಅಂಟಿ ನಿಂತ ಮೇಲೆ ಆ ಕೆಲಸ ಕಷ್ಟವಾಗುತ್ತದೆ.