ಎಚ್‌ಐವಿ ಪರೀಕ್ಷೆ ಯಾವಾಗ ಮಾಡಿಸಬೇಕು? ತಪ್ಪು ಕಲ್ಪನೆ ಮತ್ತು ಸತ್ಯ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಂಥ ಊರುಗಳಲ್ಲಿ ಆಸ್ಪತ್ರೆಯ ಗೇಟಿನಲ್ಲೇ ಪರಿಚಯದವರು ಎದುರಾಗುತ್ತಾರೆ. ಕಾಂಡೋಮ್ ಇಲ್ಲದೆ ಸಂಪರ್ಕ ಮಾಡಿ ಹೆದರಿದವರು ಆ ಸಂಕೋಚಕ್ಕೇ ಪರೀಕ್ಷೆ ಮುಂದೂಡುತ್ತಾರೆ, ಇಲ್ಲವೇ ಅವಧಿಗೆ ಮುನ್ನ ಮಾಡಿಸಿ ಗೊಂದಲಕ್ಕೆ ಬೀಳುತ್ತಾರೆ. ಸರಿಯಾದ ಮಾಹಿತಿ ಇದ್ದರೆ ಈ ಸಂಕಟ ಬಹುಪಾಲು ತಪ್ಪುತ್ತದೆ.

ತಪ್ಪು ಕಲ್ಪನೆ: ಆಗಿದ್ದು ಆಗಿಹೋಯಿತು, ಕಾಯುವುದೊಂದೇ ದಾರಿ.
ಸತ್ಯ: ಸಂಪರ್ಕವಾದ 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗುವ ಮಾತ್ರೆಗಳು ಸೋಂಕನ್ನು ತಡೆಯಬಲ್ಲವು. ಇದಕ್ಕೆ ಪಿಇಪಿ ಎನ್ನುತ್ತಾರೆ. ಬೇಗ ಶುರುವಾದಷ್ಟೂ ಒಳ್ಳೆಯದು. ಬೆಳಗಾಗಲಿ ಎನ್ನದೆ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಿರಿ, ಇಲ್ಲವೇ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗಿ.

ತಪ್ಪು ಕಲ್ಪನೆ: ಮರುವಾರವೇ ನೆಗೆಟಿವ್ ಬಂತು, ಇನ್ನು ಚಿಂತೆಯಿಲ್ಲ.
ಸತ್ಯ: ಅರ್ಧ ಗಂಟೆಯೊಳಗೆ ಫಲಿತಾಂಶ ತೋರುವ ರ‍್ಯಾಪಿಡ್ ಕಿಟ್ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ರಕ್ತದಲ್ಲಿ ಕಾಣಿಸಲು 23ರಿಂದ 90 ದಿನ ಬೇಕು. ಇದೇ ವಿಂಡೋ ಪೀರಿಯಡ್. ತೋಳಿನ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ ವೈರಸ್ಸಿನ ಪ್ರೋಟೀನನ್ನೂ ಹುಡುಕುವುದರಿಂದ 18ರಿಂದ 45 ದಿನದಲ್ಲಿ ಸುಳಿವು ಕೊಡುತ್ತದೆ. ಮೊದಲ ವಾರದ ಪರೀಕ್ಷೆ ಹಳೆಯ ಸೋಂಕು ಇದೆಯೇ ಎಂದಷ್ಟೇ ಹೇಳುತ್ತದೆ.

ತಪ್ಪು ಕಲ್ಪನೆ: ಜ್ವರ, ಗಂಟಲು ನೋವು, ಭೇದಿ ಬಂತೆಂದರೆ ಎಚ್‌ಐವಿ ಖಚಿತ.
ಸತ್ಯ: ಇವು ಸಾಮಾನ್ಯ ವೈರಲ್ ಜ್ವರದಲ್ಲೂ ಇರುತ್ತವೆ. ಗಾಬರಿಗೇ ಎದೆ ಬಡಿತ, ಬೆವರು, ಭೇದಿ ಆಗಬಹುದು. ಸೋಂಕಿದ್ದೂ ಯಾವ ಲಕ್ಷಣವೂ ಕಾಣದವರಿದ್ದಾರೆ. ರಕ್ತ ಪರೀಕ್ಷೆಯೊಂದೇ ಉತ್ತರ.

ತಪ್ಪು ಕಲ್ಪನೆ: ವೈರಸ್ ವರ್ಷಗಟ್ಟಲೆ ಅಡಗಿರುತ್ತದೆ, ಪರೀಕ್ಷೆ ಮಾಡಿಸುತ್ತಲೇ ಇರಬೇಕು.
ಸತ್ಯ: 90 ದಿನ ಕಳೆದ ಮೇಲೆ ನೆಗೆಟಿವ್ ಬಂದು, ನಡುವೆ ಮತ್ತೆ ಅಪಾಯಕ್ಕೆ ಒಡ್ಡಿಕೊಂಡಿಲ್ಲವಾದರೆ ಆ ಫಲಿತಾಂಶವನ್ನು ನಂಬಿ. ಅದಾದ ಮೇಲೂ ಲ್ಯಾಬಿನಿಂದ ಲ್ಯಾಬಿಗೆ ಅಲೆದರೆ ಹಣ ಖರ್ಚು, ಭಯವೂ ಹೆಚ್ಚು. ಪಿಇಪಿ ತೆಗೆದುಕೊಂಡವರು ಮಾತ್ರ ಪರೀಕ್ಷೆಯ ದಿನವನ್ನು ವೈದ್ಯರಿಂದಲೇ ಕೇಳಿಕೊಳ್ಳಬೇಕು.

ತಪ್ಪು ಕಲ್ಪನೆ: ಊರಿನ ಆಸ್ಪತ್ರೆಗೆ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ.
ಸತ್ಯ: ಸರ್ಕಾರಿ ಐಸಿಟಿಸಿ (ಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರದಲ್ಲಿ ಪರೀಕ್ಷೆ ಉಚಿತ. ಆಪ್ತ ಸಮಾಲೋಚಕರು ಪರೀಕ್ಷೆಗೆ ಮುಂಚೆಯೂ ಆಮೇಲೂ ನಿಮ್ಮೊಂದಿಗೆ ಮಾತ್ರ ಮಾತಾಡುತ್ತಾರೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಕಾನೂನು ಹೇಳಿದ ಕೆಲವೇ ಸಂದರ್ಭ ಬಿಟ್ಟರೆ ಫಲಿತಾಂಶವನ್ನು ಬಹಿರಂಗಪಡಿಸುವಂತಿಲ್ಲ. ಹುಣಸೂರಿನವರು ಕೆ.ಆರ್. ನಗರಕ್ಕೋ ಮೈಸೂರಿಗೋ ಹೋಗಿಯೂ ಮಾಡಿಸಬಹುದು.

ತಪ್ಪು ಕಲ್ಪನೆ: ಪಾಸಿಟಿವ್ ಬಂದರೆ ಬದುಕು ಮುಗಿದಂತೆ.
ಸತ್ಯ: ಒಂದು ಕಿಟ್ ಪಾಸಿಟಿವ್ ತೋರಿಸಿದರೆ ಬೇರೆ ಬೇರೆ ಕಿಟ್‌ಗಳಲ್ಲಿ ಮತ್ತೆ ನೋಡಿ, ಆಮೇಲಷ್ಟೇ ಖಚಿತಪಡಿಸುತ್ತಾರೆ. ವೈರಸ್ಸನ್ನು ಹತೋಟಿಯಲ್ಲಿಡುವ ಏಆರ್‌ಟಿ ಚಿಕಿತ್ಸೆ 2004ರಿಂದ ಉಚಿತವಾಗಿ ಸಿಗುತ್ತಿದೆ. ಮಾತ್ರೆ ತಪ್ಪಿಸದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ.

ಪರೀಕ್ಷೆಯ ಅವಧಿ ಮುಗಿಯುವವರೆಗೆ ಕಾಂಡೋಮ್ ಬಳಸಿ, ರಕ್ತದಾನ ಮಾಡಬೇಡಿ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಅದು ಉಚಿತ. 72 ಗಂಟೆ ಇನ್ನೂ ಮುಗಿದಿಲ್ಲವಾದರೆ ಈಗಲೇ ವೈದ್ಯರ ಬಳಿ ಹೊರಡಿ.