ಮಣ್ಣು ಮತ್ತು ಜಲ ಸಂರಕ್ಷಣಾ ಜಿಲ್ಲೆ (ಅಮೇರಿಕ ಸಂಯುಕ್ತ ಸಂಸ್ಥಾನ)

ಮಣ್ಣು ಮತ್ತು ಜಲ ಸಂರಕ್ಷಣಾ ಜಿಲ್ಲೆಗಳು ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ರೈತರಿಗೂ ಗ್ರಾಮೀಣ ಭೂಮಾಲೀಕರಿಗೂ ಮಣ್ಣು, ನೀರು ಮೊದಲಾದ ಸಂಪನ್ಮೂಲಗಳ ರಕ್ಷಣೆಯಲ್ಲಿ ನೆರವಾಗುವ ಸ್ಥಳೀಯ ಸಂಸ್ಥೆಗಳು. ರಾಜ್ಯಗಳ ಕಾನೂನಿನ ಅಡಿಯಲ್ಲಿ ರಚಿತವಾದ ಇಂತಹ ಸುಮಾರು 3,000 ಸಂಸ್ಥೆಗಳು ಆ ದೇಶದಲ್ಲಿವೆ. ಹೆಸರಿನಲ್ಲಿ 'ಜಿಲ್ಲೆ' ಎಂದಿದ್ದರೂ ಇವು ಭಾರತದ ಜಿಲ್ಲೆಗಳಂತೆ ಕಂದಾಯ ಆಡಳಿತದ ವಿಭಾಗಗಳಲ್ಲ. ಸಂರಕ್ಷಣೆಯ ಕಾರ್ಯಕ್ಕಾಗಿಯೇ ಗುರುತಿಸಲಾದ ಪ್ರದೇಶಗಳು.

ಹಿನ್ನೆಲೆ

1930ರ ದಶಕದಲ್ಲಿ ಕಾನ್ಸಾಸ್, ಓಕ್ಲಹೋಮ, ಟೆಕ್ಸಾಸ್ ಮುಂತಾದ ರಾಜ್ಯಗಳ ಬಯಲು ಸೀಮೆಯು ತೀವ್ರ ಬರಕ್ಕೆ ತುತ್ತಾಯಿತು. ಹುಲ್ಲುಗಾವಲುಗಳನ್ನು ಉತ್ತು ಗೋಧಿ ಬೆಳೆದಿದ್ದ ಕಾರಣ ಮಣ್ಣನ್ನು ಹಿಡಿದಿಡುವ ಬೇರುಗಳು ಉಳಿದಿರಲಿಲ್ಲ. ಮೇಲ್ಮಣ್ಣು ಗಾಳಿಯಲ್ಲಿ ತೂರಿಹೋಗಿ ಧೂಳಿನ ಬಿರುಗಾಳಿಗಳೆದ್ದವು. ಈ ವಿಪತ್ತು 'ಡಸ್ಟ್ ಬೌಲ್' ಎಂದು ಪ್ರಸಿದ್ಧವಾಗಿದೆ. ಮಣ್ಣು ವಿಜ್ಞಾನಿ ಹ್ಯೂ ಹ್ಯಾಮಂಡ್ ಬೆನೆಟ್ ಅವರ ಪ್ರಯತ್ನದ ಫಲವಾಗಿ 1935ರ ಏಪ್ರಿಲ್ 27ರಂದು ಮಣ್ಣು ಸಂರಕ್ಷಣಾ ಕಾಯಿದೆಯು ಜಾರಿಗೆ ಬಂದಿತು.

ಆದರೆ ಕೃಷಿಭೂಮಿಯ ಬಹುಪಾಲು ಖಾಸಗಿ ಒಡೆತನದಲ್ಲಿದ್ದುದರಿಂದ, ರೈತರ ಸಮ್ಮತಿಯಿಲ್ಲದೆ ಕಾಯಿದೆಯೊಂದರಿಂದಲೇ ಮಣ್ಣನ್ನು ಉಳಿಸುವಂತಿರಲಿಲ್ಲ. ಒಬ್ಬನ ಹೊಲದಲ್ಲಿ ಆರಂಭವಾದ ಕೊರಕಲು ನೆರೆಯವನ ಹೊಲಕ್ಕೂ ಹಬ್ಬುವ ಕಾರಣ ಒಂಟಿ ರೈತನ ಯತ್ನವೂ ಸಾಲದಾಗಿತ್ತು. ಹೀಗಾಗಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1937ರಲ್ಲಿ ಸ್ಥಳೀಯ ಜಿಲ್ಲೆಗಳ ರಚನೆಗಾಗಿ ಮಾದರಿ ಕಾನೂನೊಂದನ್ನು ರಾಜ್ಯಪಾಲರಿಗೆ ಕಳುಹಿಸಿದರು. ಅದೇ ವರ್ಷದ ಆಗಸ್ಟ್ 4ರಂದು ಬೆನೆಟ್ ಅವರ ಹುಟ್ಟೂರಿನ ಪ್ರದೇಶವಾದ ಉತ್ತರ ಕೆರೊಲಿನಾದ ಆನ್ಸನ್ ಕೌಂಟಿಯಲ್ಲಿ ಬ್ರೌನ್ ಕ್ರೀಕ್ ಜಿಲ್ಲೆ ಸ್ಥಾಪನೆಯಾಯಿತು. ಇದು ದೇಶದ ಮೊದಲ ಸಂರಕ್ಷಣಾ ಜಿಲ್ಲೆ.

ರಚನೆ

ಅನೇಕ ರಾಜ್ಯಗಳಲ್ಲಿ ಜಿಲ್ಲೆಯ ಗಡಿಯು ಕೌಂಟಿಯ ಗಡಿಯೇ ಆಗಿರುತ್ತದೆ. ನೆಬ್ರಾಸ್ಕ ರಾಜ್ಯದಲ್ಲಿ ಮಾತ್ರ ನದಿಗಳ ಜಲಾನಯನವನ್ನು ಆಧರಿಸಿದ 23 ಜಿಲ್ಲೆಗಳಿವೆ. ಸ್ಥಳೀಯರನ್ನೊಳಗೊಂಡ ಮಂಡಳಿಯು ಜಿಲ್ಲೆಯನ್ನು ನಡೆಸುತ್ತದೆ. ಸದಸ್ಯರಲ್ಲಿ ಅನೇಕರು ಸ್ವತಃ ರೈತರು. ಇವರು ರಾಜ್ಯವನ್ನವಲಂಬಿಸಿ ಚುನಾಯಿತರು ಅಥವಾ ನೇಮಕಗೊಂಡವರಾಗಿರುತ್ತಾರೆ.

ನೆರವಿನ ಸ್ವರೂಪ

ಕೋರಿಕೆ ಸಲ್ಲಿಸಿದ ರೈತನ ಜಮೀನಿಗೆ ತಜ್ಞರು ಭೇಟಿ ನೀಡಿ, ಇಳಿಜಾರು, ಮಣ್ಣಿನ ಗುಣ ಮತ್ತು ನೀರಿನ ಹರಿವನ್ನು ಪರಿಶೀಲಿಸಿ ಸಂರಕ್ಷಣಾ ಯೋಜನೆಯನ್ನು ಸಿದ್ಧಪಡಿಸುತ್ತಾರೆ. ಇಳಿಜಾರಿಗೆ ಅಡ್ಡಲಾದ ಉಳುಮೆ, ಬದುಗಳ ನಿರ್ಮಾಣ, ಹೊದಿಕೆ ಬೆಳೆ, ಗಾಳಿತಡೆಯ ಮರಗಳ ಸಾಲು, ಹೊಳೆಯಂಚಿನ ಹಸಿರು ಪಟ್ಟಿ ಇತ್ಯಾದಿ ಕ್ರಮಗಳು ಇದರಲ್ಲಿ ಸೇರುತ್ತವೆ. ತಾಂತ್ರಿಕ ಸಲಹೆಯನ್ನು ಒದಗಿಸುವಲ್ಲಿ ಕೇಂದ್ರ ಸರ್ಕಾರದ ನೈಸರ್ಗಿಕ ಸಂಪನ್ಮೂಲ ಸಂರಕ್ಷಣಾ ಸೇವೆಯು ಜಿಲ್ಲೆಗಳೊಂದಿಗೆ ಕೈಜೋಡಿಸುತ್ತದೆ. ಇದು 1935ರ ಮಣ್ಣು ಸಂರಕ್ಷಣಾ ಸೇವೆಗೆ 1994ರಲ್ಲಿ ದೊರೆತ ಹೊಸ ಹೆಸರು. ವಿವಿಧ ಕಾರ್ಯಕ್ರಮಗಳ ಮೂಲಕ ಕಾಮಗಾರಿ ವೆಚ್ಚದ ಒಂದು ಭಾಗವನ್ನು ಸರ್ಕಾರವು ಭರಿಸುತ್ತದೆ. ಉಳಿದುದನ್ನು ರೈತನೇ ಹೊರಬೇಕು.

ಮಿತಿಗಳು

ಈ ವ್ಯವಸ್ಥೆಯು ಬಹುಮಟ್ಟಿಗೆ ಸ್ವಯಂಪ್ರೇರಿತವಾದುದು. ನೆರೆಹೊರೆಯವರೇ ನಡೆಸುವುದರಿಂದ ರೈತರ ವಿಶ್ವಾಸ ಗಳಿಸುವುದು ಸುಲಭ. ಆದರೆ ಸವಕಳಿ ಹೆಚ್ಚಿರುವ ಜಮೀನಿನ ಒಡೆಯನು ಮುಂದೆ ಬಾರದಿದ್ದಲ್ಲಿ ಜಿಲ್ಲೆಯು ಮಾಡಬಹುದಾದುದು ಕಡಿಮೆ. ದೇಶದ ಕೃಷಿಭೂಮಿಯ ಸುಮಾರು ಐದರಲ್ಲಿ ಎರಡು ಪಾಲು ಗುತ್ತಿಗೆಯಲ್ಲಿದೆ. ಬದು ಅಥವಾ ಮರಗಳ ಫಲ ದೊರೆಯಲು ವರ್ಷಗಳೇ ಬೇಕಾಗುವುದರಿಂದ, ಅಲ್ಪಾವಧಿಯ ಗುತ್ತಿಗೆದಾರನು ಅವುಗಳಿಗೆ ಹಣ ಹೂಡಲು ಹಿಂಜರಿಯುತ್ತಾನೆ. ಅನುದಾನಕ್ಕಿಂತ ಅರ್ಜಿಗಳೇ ಹೆಚ್ಚಾಗಿ, ಸಿದ್ಧರಿರುವ ರೈತರೂ ಕಾಯಬೇಕಾಗುವುದುಂಟು.