ಬರೀ ಕೇಳುವವರಿಗೂ ಒಂದು ಕಾನೂನು

ಗೌರಿಬಿದನೂರಿನ ಹತ್ತಿರದ ಬಯಲಲ್ಲಿ ಕಂಬ, ತಂತಿಗಳ ಉದ್ದುದ್ದ ಸಾಲು. ದೂರದಿಂದ ಕಂಡವರು ದ್ರಾಕ್ಷಿ ಚಪ್ಪರ ಎಂದುಕೊಂಡರೆ ತಪ್ಪೇನಿಲ್ಲ. ಆದರೆ ಇದು ರೇಡಿಯೊ ದೂರದರ್ಶಕ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಜತೆಗೂಡಿ ನಡೆಸಿಕೊಂಡು ಬಂದ ಈ ಕೇಂದ್ರ 1976ರಿಂದ ಆಕಾಶಕ್ಕೆ ಕಿವಿಗೊಟ್ಟಿದೆ.

‘ಟಿ’ ಆಕಾರದಲ್ಲಿ ಒಂದು ಸಾವಿರ ಡೈಪೋಲ್ ಆಂಟೆನಾಗಳು. ಪೂರ್ವ-ಪಶ್ಚಿಮದ ತೋಳು ಸುಮಾರು 1.4 ಕಿ.ಮೀ., ದಕ್ಷಿಣದ್ದು 450 ಮೀಟರ್. ಕೇಳುವ ಆವರ್ತನ 34.5 ಮೆಗಾಹರ್ಟ್ಸ್. ಇಲ್ಲಿ ಕೇಳಿದ್ದನ್ನೇ ಆಧರಿಸಿ ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಆಕಾಶದ ನಕ್ಷೆಯೊಂದನ್ನು ಪ್ರಕಟಿಸಿದರು.

ಈ ಯಂತ್ರ ಏನನ್ನೂ ಪ್ರಸಾರ ಮಾಡುವುದಿಲ್ಲ. ಅಂತರಿಕ್ಷದಿಂದ ಬರುವ ಅಲೆಗಳೋ ತೀರಾ ಕ್ಷೀಣ. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವಾಗ ಪಿಸುಮಾತು ಆಲಿಸಿದ ಹಾಗೆ. ಹಾಗಾದರೆ ಗದ್ದಲ ಮಾಡಬೇಡಿ ಎಂದು ಜಗತ್ತಿಗೆ ಹೇಳುವವರು ಯಾರು?

ತಂತಿಯಿಂದ ಹುಟ್ಟಿದ ನಿಯಮ

ಉತ್ತರಕ್ಕೆ ಹತ್ತೊಂಬತ್ತನೇ ಶತಮಾನದ ಯುರೋಪಿಗೆ ಹೋಗಬೇಕು. ಫ್ರಾನ್ಸ್‌ನಿಂದ ಜರ್ಮನಿಯ ಬಾಡೆನ್‌ಗೆ ಹೊರಟ ತಂತಿ ಸಂದೇಶ ಗಡಿಯ ಸ್ಟ್ರಾಸ್‌ಬರ್ಗ್‌ನಲ್ಲಿ ನಿಲ್ಲುತ್ತಿತ್ತು. ಫ್ರಾನ್ಸ್‌ನ ನೌಕರ ಅದನ್ನು ಬರೆದುಕೊಂಡು ಮೇಜಿನಾಚೆ ಕೂತ ಬಾಡೆನ್ ನೌಕರನ ಕೈಗಿಡುತ್ತಿದ್ದ. ಅವನು ಜರ್ಮನ್‌ಗೆ ಅನುವಾದಿಸಿ ಮುಂದಕ್ಕೆ ಕಳಿಸುತ್ತಿದ್ದ. ಈ ಪೀಕಲಾಟ ಸಾಕೆಂದು 20 ದೇಶಗಳು 1865ರ ಮೇ 17ರಂದು ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ತಂತಿ ಒಕ್ಕೂಟ ಕಟ್ಟಿದವು. ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಭಾರತ 1869ರಲ್ಲಿ ಸೇರಿತು.

ದೇಶ ದೇಶಗಳ ನಡುವಿನ ಕಾನೂನೆಂದರೆ ಹೆಚ್ಚಾಗಿ ಯುದ್ಧ, ಗಡಿ, ರಾಯಭಾರಿಗಳ ಮಾತಾಗಿದ್ದ ಕಾಲ ಅದು. ಒಕ್ಕೂಟ ಬೇರೆಯದೇ ರೂಢಿ ಹಾಕಿಕೊಟ್ಟಿತು. ತತ್ವಗಳಿಗೊಂದು ಒಪ್ಪಂದ, ಅದರಡಿ ತಾಂತ್ರಿಕ ನಿಯಮಾವಳಿ, ತಂತ್ರಜ್ಞಾನ ಬದಲಾದಂತೆ ಅದನ್ನು ತಿದ್ದಲು ಆಗಾಗ ಸಮ್ಮೇಳನ, ನಡುವೆ ಲೆಕ್ಕಪತ್ರ ನೋಡಿಕೊಳ್ಳಲು ಬರ್ನ್ ನಗರದಲ್ಲೊಂದು ಕಾಯಂ ಕಚೇರಿ. 1874ರಲ್ಲಿ ಹುಟ್ಟಿದ ಅಂಚೆ ಒಕ್ಕೂಟವೂ ಇದೇ ಹಾದಿ ಹಿಡಿಯಿತು. ಇಂದಿನ ಹಲವು ವಿಶ್ವಸಂಸ್ಥೆ ಅಂಗಸಂಸ್ಥೆಗಳ ಕಟ್ಟೋಣದಲ್ಲೂ ಇದೇ ಅಡಿಪಾಯ ಕಾಣುತ್ತದೆ.

ರೇಡಿಯೊ ಬಂದಾಗ 1906ರ ಬರ್ಲಿನ್ ಒಪ್ಪಂದ ಇನ್ನೊಂದು ಹೆಜ್ಜೆ ಇಟ್ಟಿತು. ಹಡಗಿನಲ್ಲಿರುವುದು ಯಾವ ಕಂಪನಿಯ ಯಂತ್ರವೇ ಆಗಲಿ, ಕರಾವಳಿ ಕೇಂದ್ರಗಳು ಅದರ ಸಂದೇಶ ಸ್ವೀಕರಿಸಲೇಬೇಕು ಎಂದಿತು. 1932ರಲ್ಲಿ ಮ್ಯಾಡ್ರಿಡ್‌ನಲ್ಲಿ ಒಕ್ಕೂಟಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೆಂಬ ಈಗಿನ ಹೆಸರು ಬಂತು.

ಮೌನಕ್ಕೆ ಮಾನ್ಯತೆ

ಅಲ್ಲಿಯವರೆಗಿನ ನಿಯಮವೆಲ್ಲ ಮಾತಾಡುವವರದು. 1959ರ ಜಿನೀವಾ ಸಮ್ಮೇಳನ ಮೊದಲ ಬಾರಿಗೆ, ಬರೀ ಕೇಳುವ ರೇಡಿಯೊ ಖಗೋಳವನ್ನೂ ಒಂದು ‘ಸೇವೆ’ ಎಂದು ಒಪ್ಪಿತು. ಈಗ 1400ರಿಂದ 1427 ಮೆಗಾಹರ್ಟ್ಸ್‌ವರೆಗೆ ಯಾವ ಪ್ರಸಾರಕ್ಕೂ ಅನುಮತಿ ಇಲ್ಲ. ಹೈಡ್ರೋಜನ್ ಪರಮಾಣು ಸೂಸುವ ಅಲೆಯ ಜಾಗ ಅದು.

ಗೌರಿಬಿದನೂರಿನ 34.5 ಮೆಗಾಹರ್ಟ್ಸ್ ಮಾತ್ರ ಖಗೋಳಕ್ಕೆ ಮೀಸಲಾದ ಪಟ್ಟಿಯಲ್ಲಿಲ್ಲ. ಅದನ್ನು ಕಾಯುವುದು ನಗರದ ಸದ್ದಿನಿಂದ ದೂರವಿರುವ ಆ ಬಯಲು. ಬೆಂಗಳೂರು ಉತ್ತರಕ್ಕೆ ಚಾಚುತ್ತಿರುವ ಈ ಹೊತ್ತಿನಲ್ಲಿ, ಆ ಬಯಲಿನ ಮೌನ ಉಳಿಸುವ ಹೊಣೆ ಜಿನೀವಾದ್ದಲ್ಲ, ನಮ್ಮದು.